2 ವರ್ಷ 8 ತಿಂಗಳ ಮಗಳು ಹಾಲು, ಬಿಸ್ಕತ್ತು, ಮೊಸರನ್ನ ಬಿಟ್ಟು ಏನೂ ಮುಟ್ಟುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಮಲ್ಲಿಗೆಮೊಗ್ಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳ ತೂಕ ಈಗ 11.8 ಕೆ.ಜಿ., ಎತ್ತರ 90 ಸೆಂ.ಮೀ. ಎರಡು ವರ್ಷ ತುಂಬಿದಾಗ ತೂಕ 10.2 ಇತ್ತು. ಒಂದೂವರೆ ವರ್ಷದವರೆಗೆ ಸೊಪ್ಪಿನ ಸಾರು, ಪಪ್ಪಾಯ, ಬೇಯಿಸಿದ ಕ್ಯಾರೆಟ್ ಎಲ್ಲವನ್ನೂ ತಿನ್ನುತ್ತಿದ್ದಳು. ಆಮೇಲೆ ಒಂದೊಂದೇ ಬಿಡುತ್ತಾ ಬಂದಳು.

ದಿನಚರಿ ಹೀಗಿದೆ. ಬೆಳಗ್ಗೆ 7ಕ್ಕೆ ಬಾಟಲಿಯಲ್ಲಿ 200 ಮಿ.ಲೀ. ಹಾಲು. 9ಕ್ಕೆ ಅರ್ಧ ಇಡ್ಲಿ ಅಥವಾ ಕಾಲು ದೋಸೆ, ಅದೂ ಮೊಬೈಲ್ ಹಾಕಿಕೊಟ್ಟರೆ. 11ಕ್ಕೆ ಮತ್ತೆ ಹಾಲು. ಮಧ್ಯಾಹ್ನ ಆರೇಳು ತುತ್ತು ಮೊಸರನ್ನ, ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. 5ಕ್ಕೆ ಹಾಲು, ರಾತ್ರಿ ಮಲಗುವಾಗ ಹಾಲು. ಪ್ರತಿ ಬಾಟಲಿಗೂ ಎರಡು ಸಣ್ಣ ಚಮಚ ಸಕ್ಕರೆ. ನಡುನಡುವೆ ಬಿಸ್ಕತ್ತು, ದಿನಕ್ಕೆ 50 ಗ್ರಾಮಿನ ಒಂದು ಪೊಟ್ಟಣ ಖಾಲಿಯಾಗುತ್ತದೆ. ಹಗಲು ಅಜ್ಜಿ ನೋಡಿಕೊಳ್ಳುತ್ತಾರೆ.

ಹಸಿವಾಗುವ ಟಾನಿಕ್ ಕೊಡಬಹುದೇ? ತರಕಾರಿ ರುಬ್ಬಿ ಗೊತ್ತಾಗದಂತೆ ಹಾಕುವುದು ಸರಿಯೇ? "ಹಸಿದರೆ ತಾನೇ ತಿನ್ನುತ್ತೆ, ಬಿಟ್ಟುಬಿಡಿ" ಅನ್ನುವವರ ಮಾತು ಎಷ್ಟರ ಮಟ್ಟಿಗೆ ನಿಜ? ದಯವಿಟ್ಟು ವಿವರವಾಗಿ ತಿಳಿಸಿ.

---

ಆಹಾರತಜ್ಞೆ_ದಾವಣಗೆರೆ:

ಮಲ್ಲಿಗೆಮೊಗ್ಗು ಅವರೇ, ದಿನಚರಿ ಬರೆದದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ಒಂದು ಲೆಕ್ಕ ಹಾಕೋಣ.

ನಾಲ್ಕು ಬಾಟಲಿ ಎಂದರೆ 800 ಮಿ.ಲೀ. ಹಾಲು. ಟೋನ್ಡ್ ಹಾಲಾದರೂ ಸುಮಾರು 480 ಕ್ಯಾಲೊರಿ. ಸಕ್ಕರೆ ಎಂಟು ಚಮಚ, ಅಂದರೆ 32 ಗ್ರಾಂ, ಸುಮಾರು 130 ಕ್ಯಾಲೊರಿ. ಬಿಸ್ಕತ್ತು 50 ಗ್ರಾಮಿಗೆ ಸುಮಾರು 230. ಇಷ್ಟಕ್ಕೇ 840 ಆಯಿತು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 1000 ಕ್ಯಾಲೊರಿ. ಉಳಿದ 160ಕ್ಕೆ ಅರ್ಧ ಇಡ್ಲಿ, ಆರು ತುತ್ತು ಮೊಸರನ್ನ ಸರಿಹೋಯಿತು. ಅವಳು ಕಡಿಮೆ ತಿನ್ನುತ್ತಿಲ್ಲ, ಲೆಕ್ಕಕ್ಕೆ ಸರಿಯಾಗಿಯೇ ತಿನ್ನುತ್ತಿದ್ದಾಳೆ. ತಟ್ಟೆ ಮುಂದೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ, ಅಷ್ಟೇ.

ಹಾಗಾದರೆ ಚಿಂತೆ ಯಾವುದಕ್ಕೆ? ಕಬ್ಬಿಣಾಂಶಕ್ಕೆ. ದಿನಕ್ಕೆ 8 ಮಿ.ಗ್ರಾಂ. ಬೇಕು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಹಾಲಿನ ಸುಣ್ಣಾಂಶ ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತುವುದಕ್ಕೂ ಅಡ್ಡಿ. ನಾರಿನಂಶವೂ ಇಲ್ಲ, ಆದ್ದರಿಂದ ಮಲಬದ್ಧತೆ. ಮಲ ಕಟ್ಟಿದ ಮಗುವಿಗೆ ಹಸಿವು ಇನ್ನಷ್ಟು ಕಡಿಮೆ. ಪ್ರೋಟೀನಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. 800 ಮಿ.ಲೀ. ಹಾಲಿನಲ್ಲೇ ಸುಮಾರು 25 ಗ್ರಾಂ ಸಿಗುತ್ತಿದೆ, ಬೇಕಾದದ್ದು ಅದರ ಅರ್ಧ. ಹಾಗಾಗಿ ಪ್ರೋಟೀನ್ ಪುಡಿ, ಮಾಲ್ಟ್ ಪುಡಿ ಯಾವುದೂ ಬೇಡ. ಮಾಲ್ಟ್ ಪುಡಿಗಳಲ್ಲಿ ಸಕ್ಕರೆಯೇ ಹೆಚ್ಚು, ಕುಡಿದರೆ ಹಾಲಿನ ಹಟ ಇನ್ನೂ ಗಟ್ಟಿಯಾಗುತ್ತದೆ.

ಮೊದಲ ಕೆಲಸ ಹಾಲನ್ನು 400 ಮಿ.ಲೀ. ಆಸುಪಾಸಿಗೆ ಇಳಿಸುವುದು. ಒಂದೇ ದಿನ ಕಿತ್ತುಕೊಳ್ಳಬೇಡಿ, ಎರಡರಿಂದ ಮೂರು ವಾರ ತೆಗೆದುಕೊಳ್ಳಿ.

ಮೊದಲ ನಾಲ್ಕು ದಿನ 11 ಗಂಟೆಯ ಬಾಟಲಿ ಮಾತ್ರ ತೆಗೆಯಿರಿ. ಅದರ ಜಾಗಕ್ಕೆ ಅರ್ಧ ಬಾಳೆಹಣ್ಣು ಅಥವಾ ಒಂದೆರಡು ಹೋಳು ಪಪ್ಪಾಯ, ಜೊತೆಗೆ ನೀರು. ಇದರಿಂದಲೇ ಶುರು ಮಾಡಿ ಅನ್ನುವುದಕ್ಕೆ ಕಾರಣವಿದೆ: ಮಧ್ಯಾಹ್ನದ ಊಟವನ್ನು ಕೆಡಿಸುವುದು ಈ ಬಾಟಲಿಯೇ. ಅದೇ ದಿನದಿಂದ ಉಳಿದ ಬಾಟಲಿಗಳಿಗೆ ಸಕ್ಕರೆ ಎರಡು ಚಮಚದಿಂದ ಒಂದೂವರೆಗೆ ಇಳಿಸಿ, ಪ್ರತಿ ನಾಲ್ಕು ದಿನಕ್ಕೆ ಅರ್ಧ ಚಮಚ ಕಡಿಮೆ ಮಾಡುತ್ತಾ ಹೋಗಿ. ಐದನೇ ದಿನದಿಂದ ಸಂಜೆಯ ಹಾಲು ಲೋಟಕ್ಕೆ, 120 ಮಿ.ಲೀ., ತಿಂಡಿಯ ಜೊತೆಗೆ. ಲೋಟದಲ್ಲಿ ಒಮ್ಮೆಗೆ 60 ಮಿ.ಲೀ. ಮಾತ್ರ ಹಾಕಿ, ಚೆಲ್ಲಿದರೆ ಯಾರೂ ಕಿರುಚುವ ಪ್ರಸಂಗ ಬರುವುದಿಲ್ಲ. ಒಂಬತ್ತನೇ ದಿನದಿಂದ ಬೆಳಗಿನದನ್ನು 150ಕ್ಕೆ ಇಳಿಸಿ, ಅದೂ ಲೋಟಕ್ಕೆ.

ರಾತ್ರಿಯದು ಎಲ್ಲಕ್ಕಿಂತ ಕಷ್ಟ, ಆದ್ದರಿಂದ ಅದು ಕೊನೆಗೆ. ಎರಡು ದಿನಕ್ಕೊಮ್ಮೆ 30 ಮಿ.ಲೀ. ಕಡಿಮೆ ಮಾಡುತ್ತಾ 120ಕ್ಕೆ ತನ್ನಿ. ಆಮೇಲೆ ಕೂರಿಸಿಕೊಂಡು ಲೋಟದಲ್ಲಿ ಕೊಟ್ಟು, ಹಲ್ಲುಜ್ಜಿಸಿ ಮಲಗಿಸಿ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳ ಮೇಲಿನ ಮುಂಬಲ್ಲು ಹುಳುಕಾಗುವುದು ಬೇಗ, ಹಲ್ಲು ನೋಯುವ ಮಗು ಅಗಿಯಲು ಒಪ್ಪುವುದಿಲ್ಲ.

ಎರಡನೆಯದು ಹೊತ್ತು. 7.30ಕ್ಕೆ ಹಾಲು, 9ಕ್ಕೆ ತಿಂಡಿ, 11ಕ್ಕೆ ಹಣ್ಣು, 1.15ಕ್ಕೆ ಊಟ, 4.30ಕ್ಕೆ ತಿಂಡಿ ಮತ್ತು ಹಾಲು, 7.45ಕ್ಕೆ ರಾತ್ರಿಯೂಟ, ಮಲಗುವ ಮುನ್ನ ಲೋಟದ ಹಾಲು. ನಡುವೆ ನೀರು ಮಾತ್ರ. ಬಿಸ್ಕತ್ತಿನ ಡಬ್ಬ ಕಣ್ಣಿಗೆ ಬೀಳುವ ಜಾಗದಲ್ಲೇ ಇರಬಾರದು, ಮನೆಯಲ್ಲೇ ಇಲ್ಲದಿದ್ದರೆ ಇನ್ನೂ ಸಲೀಸು. ಒಂದು ಊಟಕ್ಕೆ ಹೆಚ್ಚೆಂದರೆ 25 ನಿಮಿಷ. ಆಮೇಲೆ ತಟ್ಟೆ ತೆಗೆಯಿರಿ. ಸಿಟ್ಟಿಲ್ಲದೆ, ಮುಖ ಊದಿಸಿಕೊಳ್ಳದೆ.

ಮೊದಲ ಮೂರರಿಂದ ಐದು ದಿನ ಕಷ್ಟ. ಊಟ ಹೆಚ್ಚುವುದಿಲ್ಲ, ಅಳು ಹೆಚ್ಚುತ್ತದೆ. ಎಲ್ಲ ಮನೆಗಳಲ್ಲೂ ಪ್ರಯತ್ನ ಮುರಿದು ಬೀಳುವುದು ಇಲ್ಲೇ. ಮೂರನೇ ದಿನ ಮಧ್ಯಾಹ್ನ ಎರಡೂವರೆಗೆ ಅತ್ತಾಗ "ಪಾಪ" ಎಂದು ಒಂದು ಬಾಟಲಿ ಕೊಟ್ಟರೆ, ಎಷ್ಟು ಹೊತ್ತು ಅತ್ತರೆ ಬಾಟಲಿ ಬರುತ್ತದೆ ಅನ್ನುವುದನ್ನು ಮಗು ಕಲಿಯುತ್ತದೆ. ಮರುದಿನ ಅದಕ್ಕಿಂತ ಹತ್ತು ನಿಮಿಷ ಜಾಸ್ತಿ ಅಳುತ್ತದೆ. ಮೂತ್ರ ಎಂದಿನಂತೆ ಹೋಗುತ್ತಿದ್ದು ಆಟ ನಡೆಯುತ್ತಿದ್ದರೆ ಮುಂದುವರಿಸಿ. ಜ್ವರ, ಭೇದಿ ಬಂದರೆ ಅಲ್ಲಿಗೇ ನಿಲ್ಲಿಸಿ, ಗುಣವಾದ ಮೇಲೆ ಮತ್ತೆ ಹಿಡಿಯಿರಿ.

"ಹಸಿದರೆ ತಿನ್ನುತ್ತೆ" ಅನ್ನುವ ಮಾತು ಅರ್ಧ ನಿಜ. ಹೊತ್ತು ಹೊತ್ತಿಗೆ ಊಟ ಇಟ್ಟು, ನಡುವೆ ಏನೂ ಕೊಡದಿದ್ದಾಗ ಹಸಿವು ಕೆಲಸ ಮಾಡುತ್ತದೆ. ಏನನ್ನೂ ಇಡದೆ ಉಪವಾಸ ಕೆಡವುವುದು ಬೇರೆ ಮಾತು, ಅದನ್ನು ಮಾಡಬೇಡಿ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಇದಕ್ಕೆ ಒಂದು ಗೆರೆ ಹಾಕಿಕೊಟ್ಟಿದ್ದಾರೆ: ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಪಾಲು, ತಿನ್ನುವುದೋ ಬೇಡವೋ, ಎಷ್ಟು ಅನ್ನುವುದು ಮಗುವಿನ ಪಾಲು. ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಏನು ಬೇಕೆಂದು ಮಗುವನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕೆಂದು ನಾವು ಹಟ ಹಿಡಿಯುತ್ತೇವೆ.

---

ಮಕ್ಕಳವೈದ್ಯ_ಶಿವಮೊಗ್ಗ:

ಮೇಲಿನ ಉತ್ತರಕ್ಕೆ ವೈದ್ಯಕೀಯ ಭಾಗ ಸೇರಿಸುತ್ತೇನೆ.

ತೂಕ ಸರಿಯಿದೆ. ಎಂಟು ತಿಂಗಳಲ್ಲಿ 1.6 ಕೆ.ಜಿ. ಏರಿದೆ. ಎರಡು ವರ್ಷದ ನಂತರ ವರ್ಷಕ್ಕೆ 2 ಕೆ.ಜಿ. ಆಸುಪಾಸು ಏರುವುದೇ ಸಹಜ. ಮೊದಲ ವರ್ಷದಲ್ಲಿ ಮಗು 3 ಕೆ.ಜಿ.ಯಿಂದ 9ಕ್ಕೆ ಬರುತ್ತದೆ, ಎರಡನೇ ವರ್ಷದಲ್ಲಿ ಎರಡೂವರೆ ಕೆ.ಜಿ. ಏರಿದರೆ ಹೆಚ್ಚು. ಬೆಳವಣಿಗೆಯ ವೇಗ ಇಳಿದ ಮೇಲೆ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ, ಅಂದರೆ ಒಂದೂವರೆ ವರ್ಷದಿಂದ ಈಚೆಗೆ, ಹೊಸ ಆಹಾರ ಕಂಡರೆ ಹಿಂಜರಿಯುವ ಸ್ವಭಾವವೂ ಶುರುವಾಗುತ್ತದೆ. ನಡೆದಾಡಲು ಕಲಿತ ಮಗು ಕಂಡಕಂಡದ್ದನ್ನು ಬಾಯಿಗೆ ಹಾಕಿಕೊಳ್ಳದಂತೆ ಕಾಯುವ ಗುಣ ಅದು. ಎರಡರಿಂದ ಆರು ವರ್ಷದ ನಡುವೆ ಜೋರಾಗಿದ್ದು ಆಮೇಲೆ ತಾನಾಗಿ ತಗ್ಗುತ್ತದೆ. ನಿಮ್ಮ ಮಗಳು ಒಂದೊಂದೇ ಆಹಾರ ಬಿಟ್ಟದ್ದು ಇದೇ ಕಾಲದಲ್ಲಿ.

ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ತಿಂಗಳಿಗೊಮ್ಮೆ ಚುಕ್ಕೆ ಇಡಿ. ಗೆರೆ ತನ್ನ ದಾರಿಯಲ್ಲೇ ಮೇಲೇರುತ್ತಿದ್ದರೆ ಪಕ್ಕದ ಮನೆಯ ಮಗು ದಪ್ಪಗಿದೆ ಅನ್ನುವುದು ಲೆಕ್ಕಕ್ಕಿಲ್ಲ. ತಿಂಗಳಿಗಿಂತ ಹೆಚ್ಚು ಬಾರಿ ತೂಗಬೇಡಿ. ಒಂದು ಲೋಟ ನೀರು ಕುಡಿದರೆ 200 ಗ್ರಾಂ ಏರುತ್ತದೆ, ಮೂತ್ರ ಹೋದರೆ ಇಳಿಯುತ್ತದೆ, ಮನೆಯವರ ನೆಮ್ಮದಿ ಅದರ ಜೊತೆ ಏರಿಳಿಯುತ್ತದೆ.

ರಕ್ತಹೀನತೆಯ ಪರೀಕ್ಷೆ ಮಾತ್ರ ಮಾಡಿಸಿ. 800 ಮಿ.ಲೀ. ಹಾಲು ಕುಡಿಯುವ ಮಗುವಿನಲ್ಲಿ ಇದನ್ನು ಬಿಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ರಕ್ತದ ಸಂಪೂರ್ಣ ಎಣಿಕೆ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಪರೀಕ್ಷೆ) ಎರಡನ್ನೂ ನೋಡಿಸಿ. ಈ ವಯಸ್ಸಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಕೊರತೆಯೇ ಹಸಿವನ್ನು ಕೊಲ್ಲುತ್ತದೆ, ಮಗುವನ್ನು ಕಿರಿಕಿರಿ ಮಾಡುತ್ತದೆ. ಊಟ ಬಿಟ್ಟು ಕೊರತೆ, ಕೊರತೆಯಿಂದ ಊಟ ಬಿಡುವುದು, ಹೀಗೆ ಸುತ್ತುತ್ತಲೇ ಇರುತ್ತದೆ. ಮಣ್ಣು, ಬಳಪ, ಗೋಡೆಯ ಸುಣ್ಣ, ಹಸಿ ಅಕ್ಕಿ ತಿನ್ನುವ ಚಾಳಿ ಇದ್ದರೆ ಪರೀಕ್ಷೆಗೆ ತಡ ಮಾಡಬೇಡಿ.

ಕೊರತೆ ಇಲ್ಲದ ಮಗುವಿಗೂ ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಕಬ್ಬಿಣದ ಸಿರಪ್ ಇದೆ: 1 ಮಿ.ಲೀ.ಯಲ್ಲಿ 20 ಮಿ.ಗ್ರಾಂ. ಕಬ್ಬಿಣ, ವಾರಕ್ಕೆ ಎರಡು ಸಲ, 5 ವರ್ಷ ತುಂಬುವವರೆಗೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕೊರತೆ ಇದ್ದರೆ ಅದಕ್ಕೆ ಬೇರೆ ಪ್ರಮಾಣ, ದಿನವೂ, ತೂಕ ನೋಡಿ ವೈದ್ಯರು ಹೇಳಬೇಕು. ಯಾವುದೇ ಆದರೂ ಹಾಲಿನ ಜೊತೆ ಬೇಡ, ಹಾಲು ಕುಡಿದು ಎರಡು ಗಂಟೆ ಬಿಟ್ಟು ಕೊಡಿ. ಪಿಪೆಟ್ಟಿನಲ್ಲಿ ನಾಲಿಗೆಯ ಹಿಂಭಾಗಕ್ಕೆ ಬಿಟ್ಟರೆ ಹಲ್ಲು ಕಪ್ಪಾಗುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ. ಬಾಟಲಿಯನ್ನು ಮಾತ್ರ ಬೀಗದ ಕಪಾಟಿನಲ್ಲಿಡಿ. ಸಿಹಿಯಾದ ಕಬ್ಬಿಣದ ಸಿರಪ್ಪನ್ನು ಮಗು ಒಂದೇ ಸಲ ಕುಡಿದುಬಿಟ್ಟರೆ ಜೀವಕ್ಕೇ ಅಪಾಯ. ಜಂತುಹುಳುವಿನ ಔಷಧ ಆರು ತಿಂಗಳಿಂದ ಕೊಟ್ಟಿಲ್ಲದಿದ್ದರೆ ಆಲ್ಬೆಂಡಜೋಲ್ 400 ಮಿ.ಗ್ರಾಂ., ಪುಡಿಮಾಡಿ ನೀರಿನಲ್ಲಿ ಕೊಡಿ. ಗುಳಿಗೆ ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಇನ್ನು ಹಸಿವಿನ ಟಾನಿಕ್. ಅಂಗಡಿಯಲ್ಲಿ ಸಿಗುವ ಹಲವು ಸಿರಪ್ಪುಗಳಲ್ಲಿರುವುದು ಸೈಪ್ರೊಹೆಪ್ಟಡಿನ್. ಅದು ಅಲರ್ಜಿಯ ಔಷಧ. ಹಸಿವು ಹೆಚ್ಚಿಸುವುದು ಅದರ ಅಡ್ಡಪರಿಣಾಮ, ತೂಕಡಿಕೆ ಇನ್ನೊಂದು. ನಿಲ್ಲಿಸಿದ ಕೂಡಲೇ ಹಸಿವು ಹಳೆಯ ಸ್ಥಿತಿಗೆ ಬರುತ್ತದೆ. ತೂಕ ಸರಿಯಿರುವ ಮಗುವಿಗೆ ಬೇಡವೇ ಬೇಡ.

ಯಾವಾಗ ತಡಮಾಡದೆ ತೋರಿಸಬೇಕು ಎಂದರೆ: ತೂಕ ಇಳಿದರೆ ಅಥವಾ ಮೂರು ತಿಂಗಳು ನಿಂತೇ ಇದ್ದರೆ, ನುಂಗುವಾಗ ಕೆಮ್ಮು, ಉಸಿರುಗಟ್ಟಿದಂತಾದರೆ, ಎದೆ, ಹೊಟ್ಟೆ ನೋವೆಂದು ಊಟ ಬಿಟ್ಟರೆ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಕಂಡರೆ, ತಿನ್ನುವ ಪದಾರ್ಥಗಳ ಪಟ್ಟಿ ಹತ್ತಕ್ಕಿಂತ ಕೆಳಗಿಳಿದು ಇನ್ನೂ ಕುಗ್ಗುತ್ತಿದ್ದರೆ, ಮಾತು ತಡವಾಗಿದ್ದು, ಹೆಸರು ಕರೆದರೆ ತಿರುಗದೆ, ಊಟದ ಹಟವೂ ಸೇರಿದ್ದರೆ.

---

ಅಂಗನವಾಡಿ_ಟೀಚರ್_ಧಾರವಾಡ:

ಡಾಕ್ಟರ್ ಸಾಹೇಬ್ರು ಹೇಳಿದ್ದು ಬರೋಬ್ಬರಿ ಐತ್ರಿ. ನಾ ಅಡಗಿ ಕಡೆ ಅಷ್ಟ ಹೇಳ್ತೀನಿ.

ಸಣ್ಣ ಹುಡುಗ್ರು ಕಾಯಿಪಲ್ಯ ಒಲ್ಲೆ ಅನ್ನೋದು ರುಚಿಗಿಂತ ಜಾಸ್ತಿ ಅದು ಬಾಯಾಗ ಹೆಂಗ ಅನ್ನಿಸ್ತೈತಿ ಅನ್ನೋದರ ಮ್ಯಾಲೆ ನಿಂತಿರ್ತೈತಿ. ಲೋಳಿ, ನಾರು, ಸಿಪ್ಪಿ, ಇವು ಮೂರು ಅವರಿಗೆ ಆಗಂಗಿಲ್ಲ. ಮೆತ್ತಗ ಇರೋ ಅನ್ನದಾಗ ಒಂದು ಸಾಸಿವಿ, ಒಂದು ಕರಿಬೇವು ಬಂದ್ರ ಸಾಕು, ಇಡೀ ತಾಟು ಸರಿಸಿಬಿಡ್ತಾವ. ಅದಕ್ಕ ಒಗ್ಗರಣಿ ಹಾಕೂಕಿಂತ ಮೊದಲ ಕೂಸಿನ ಪಾಲು ತಗೀರಿ. ಖಾರದ ಪುಡಿನೂ ಆಮ್ಯಾಲೆ. ಬ್ಯಾರೆ ಅಡಗಿ ಮಾಡೂ ಕೆಲಸ ಇಲ್ಲ, ಅದೇ ಅಡಗಿ ಒಂದು ಹಂತ ಮೊದಲ ತಗದ್ರಾತು.

ಬೆಂಡಿಕಾಯಿ ತೊಳದು ಬಟ್ಟಿಲೆ ಪೂರಾ ಒರಸ್ರಿ, ಆಮ್ಯಾಲೆ ಹೆಚ್ಚರಿ. ಹಸಿ ಇರೂವಾಗ ಹೆಚ್ಚಿದ್ರ ಲೋಳಿ. ಅರ್ಧ ಇಂಚಿನ ತುಂಡು, ಎರಡು ಚಮಚ ಎಣ್ಣಿ, ಅಗಲ ಬಾಣಲಿ, ಮುಚ್ಚಳ ಮುಚ್ಚಬ್ಯಾಡ್ರಿ. ಹನ್ನೆರಡರಿಂದ ಹದಿನೈದು ನಿಮಿಷ ನಡು ಉರಿ. ಉಪ್ಪು ಕಡೀಕ ಹಾಕ್ರಿ, ಮೊದಲ ಹಾಕಿದ್ರ ನೀರು ಬಿಟ್ಟು ಮತ್ತ ಲೋಳಿ ಆಗ್ತೈತಿ. ಗರಿಗರಿ ಬೆಂಡಿಕಾಯಿ ಕೈಲೆ ಹಿಡದು ತಿಂತಾವ. ಗಜ್ಜರಿ ಬೆರಳುದ್ದ ಕಡ್ಡಿ ಮಾಡಿ, ಬೆರಳಾಗ ಒತ್ತಿದ್ರ ಮಣಿಯೂ ಹಂಗ ಉಗಿಯಾಗ ಬೇಯಿಸ್ರಿ, ಹತ್ತು ನಿಮಿಷ. ಹಸಿ ಗಜ್ಜರಿ, ಇಡೀ ಶೇಂಗಾ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಕೊಡಬ್ಯಾಡ್ರಿ, ಗಂಟಲದಾಗ ಸಿಗ್ತಾವ. ಶೇಂಗಾ ಹುರದು ಪುಡಿ ಮಾಡಿ ಕೊಡ್ರಿ. ಒಂದು ದೊಡ್ಡ ಚಮಚ, ಅಂದ್ರ 10 ಗ್ರಾಂ, ಅದರಾಗ 55 ಕ್ಯಾಲೊರಿ, ಎರಡೂವರೆ ಗ್ರಾಂ ಪ್ರೋಟೀನ್ ಐತಿ. ತುಪ್ಪ ಸವರಿದ ಬಿಸಿ ರೊಟ್ಟಿ ಮ್ಯಾಲೆ ಉದುರಿಸಿ ಸುರುಳಿ ಸುತ್ತಿ ಕೊಟ್ರ ಸಂಜಿ ತಿಂಡಿ ಆತು.

ಸೊಪ್ಪಿನ ಕಹಿ ಹುಡುಗರಿಗೆ ನಮಗಿಂತ ಜಾಸ್ತಿ ಗೊತ್ತಾಗ್ತೈತಿ. ಒಂದು ಚಿಟಿಕಿ ಉಪ್ಪು, ಸ್ವಲ್ಪ ತುಪ್ಪ, ಒಂದು ಚಮಚ ಹಸಿ ಕೊಬ್ಬರಿ ಹಾಕಿದ್ರ ಕಹಿ ಇಳೀತೈತಿ. ಮೆಂತ್ಯಾಕಿಂತ ಮೊದಲ ರಾಜಗಿರಿ, ಪಾಲಕ್ ಹಿಡೀರಿ. ಹಾಗಲಕಾಯಿಗೆ ಇನ್ನೂ ಭಾಳ ವ್ಯಾಳೆ ಐತಿ.

ಪಡ್ಡು ಭಾಳ ಉಪಯೋಗ. ಒಂದು ಬಟ್ಟಲ ದೋಸಿ ಹಿಟ್ಟಿಗೆ ಎರಡು ದೊಡ್ಡ ಚಮಚ ಬೆಂದ ಹೆಸರಬ್ಯಾಳಿ, ಒಂದು ಸಣ್ಣ ಗಜ್ಜರಿ ಸಣ್ಣಗ ಹೆರದು ಹಾಕ್ರಿ. ಹೆರದಿದ್ದು ಹಸೀದ ಹಾಕಿದ್ರ ನೀರು ಬಿಟ್ಟು ಹಿಟ್ಟು ತೆಳ್ಳಗಾಗಿ ನಡು ಹಸಿ ಉಳೀತೈತಿ. ಮೊದಲ ಎರಡು ನಿಮಿಷ ಹುರದು ಆರಿಸಿ ಹಾಕ್ರಿ. ಸಣ್ಣ ಉರಿಯಾಗ ಒಂದು ಮಗ್ಗಲಕ್ಕ ಮೂರು ನಿಮಿಷ. ಕೂಸಿನ ತಾಟಿಗೆ ಎರಡೇ ಹಾಕ್ರಿ. ರಾಶಿ ಹಾಕಿದ್ರ ನೋಡೇ ಹೆದರ್ತಾವ. ವರ್ಷಕ್ಕೊಂದು ದೊಡ್ಡ ಚಮಚ ಅಂತ ಲೆಕ್ಕ ಇಟಗೋರಿ: ಎರಡೂವರಿ ವರ್ಷದ ಕೂಸಿಗೆ ಪಲ್ಯ ಎರಡೂವರಿ ಚಮಚ, ಬ್ಯಾಳಿ ಎರಡೂವರಿ ಚಮಚ. ಇನ್ನೂ ಬೇಕಂದ್ರ ಮತ್ತ ಹಾಕೂದು.

---

ಮಲ್ಲಿಗೆಮೊಗ್ಗು:

ಎಲ್ಲರಿಗೂ ತುಂಬಾ ಧನ್ಯವಾದಗಳು. ಲೆಕ್ಕ ನೋಡಿ ದಂಗಾದೆ. ಮೂರು ವಿಷಯ ಕೇಳಬೇಕು. ಒತ್ತಾಯ ಮಾಡಿದರೆ ಬೆರಳು ಹಾಕಿಕೊಂಡು ವಾಂತಿ ಮಾಡುತ್ತಾಳೆ. ಮೊಬೈಲ್ ಬಿಡಿಸುವುದು ಹೇಗೆ? ಅಜ್ಜಿ "ಮಗು ಸೊರಗುತ್ತೆ, ನಮ್ಮ ಕಾಲದಲ್ಲಿ ಕೈತುತ್ತು ಹಾಕಿಯೇ ಬೆಳೆಸಿದ್ದು" ಅನ್ನುತ್ತಾರೆ, ಅವರಿಗೆ ಏನು ಹೇಳಲಿ?

---

ಹಸಿರುಬುಟ್ಟಿ:

ತರಕಾರಿ ರುಬ್ಬಿ ಹಾಕುವುದರ ಬಗ್ಗೆ ಯಾರೂ ಹೇಳಲಿಲ್ಲ. ಹೇಗೂ ಮೊಸರನ್ನ ತಿನ್ನುತ್ತಾಳಲ್ಲ, ಅದಕ್ಕೇ ಬೆಂದ ಬೇಳೆ, ನುಣ್ಣಗೆ ರುಬ್ಬಿದ ಪಾಲಕ್ ಒಂದೊಂದು ಚಮಚ ಸೇರಿಸಬಹುದು. ಕಬ್ಬಿಣವೂ ಹೋದ ಹಾಗಾಯಿತು.

---

ವಾಕ್‌ಚಿಕಿತ್ಸಕಿ_ಮೈಸೂರು:

ಹಸಿರುಬುಟ್ಟಿ ಅವರೇ, ಕ್ಷಮಿಸಿ, ಇದನ್ನು ಒಪ್ಪಲಾರೆ. ಮಗು ಧೈರ್ಯದಿಂದ ತಿನ್ನುವ ಒಂದೇ ಪದಾರ್ಥಕ್ಕೆ ಕೈ ಹಾಕಬಾರದು. ಬಿಳಿ ಮೊಸರನ್ನ ಒಂದು ದಿನ ಹಸಿರಾದರೆ, ಅಥವಾ ನಾಲಿಗೆಗೆ ಗೊತ್ತಿಲ್ಲದ ತರಿ ಸಿಕ್ಕರೆ, ಮಗು ಪಾಲಕ್ ಕಲಿಯುವುದಿಲ್ಲ, ಮೊಸರನ್ನವನ್ನೂ ಬಿಡುತ್ತದೆ. ನಾಲ್ಕು ಪದಾರ್ಥದ ಪಟ್ಟಿ ಮೂರಕ್ಕೆ ಇಳಿಯುವುದು ಹೀಗೆಯೇ. ದೋಸೆ, ಪಡ್ಡು, ಚಪಾತಿ ಹಿಟ್ಟಿಗೆ ತರಕಾರಿ ಸೇರಿಸಿ, ತೊಂದರೆಯಿಲ್ಲ. ಆದರೆ ಅದೇ ತರಕಾರಿಯ ಒಂದು ತುಂಡು ತಟ್ಟೆಯಲ್ಲಿ ಕಣ್ಣಿಗೆ ಕಾಣುವಂತೆಯೂ ಇರಬೇಕು. ಅಡಗಿಸಿದ್ದು ಹೊಟ್ಟೆಗೆ ಸಿಗುತ್ತದೆ, ಕಣ್ಣಿಗೆ ಮೂಗಿಗೆ ಪರಿಚಯವಾಗುವುದಿಲ್ಲ. ಪಾಲಕ್ಕಿನ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ. ಬೇಳೆಗೆ ಲಿಂಬೆ ಹಿಂಡಿ ಕೊಡುವುದು, ಮೊಟ್ಟೆ, ಮೀನು, ಕೋಳಿ ತಿನ್ನುವ ಮನೆಯಾದರೆ ಅವನ್ನು ಕೊಡುವುದು ಹೆಚ್ಚು ಫಲ.

ಹೊಸದನ್ನು ತರುವಾಗ ಇರುವುದರಿಂದ ಒಂದೇ ಹೆಜ್ಜೆ ಆಚೆಗೆ ಹೋಗಿ. ಮೊಸರನ್ನ ಇಷ್ಟವೆಂದರೆ ಮೆತ್ತಗೆ, ಬೆಳ್ಳಗೆ, ತಣ್ಣಗೆ, ಸ್ವಲ್ಪ ಹುಳಿ ಇಷ್ಟವೆಂದು ಅರ್ಥ. ಹಾಗಾದರೆ ಮುಂದಿನದು ಮೊಸರಿನಲ್ಲಿ ಅದ್ದಿದ ಇಡ್ಲಿ. ಆಮೇಲೆ ಮೊಸರಿನಲ್ಲಿ ಅದ್ದಿದ ಮೆತ್ತನೆಯ ಉದ್ದಿನ ವಡೆ. ಇನ್ನೊಂದು ದಿಕ್ಕಿನಲ್ಲಿ, ಮೊಸರನ್ನದ ಪಕ್ಕದ ಪುಟ್ಟ ಬಟ್ಟಲಲ್ಲಿ ತೆಳ್ಳಗಿನ ಹೆಸರುಬೇಳೆ ತೊವ್ವೆ, ಅರಿಶಿನವಿಲ್ಲದೆ. ಅದಕ್ಕೆ ಒಗ್ಗಿದ ಮೇಲೆ ಅರಿಶಿನ ಹಾಕಿದ ಹಳದಿ ತೊವ್ವೆ, ಆಮೇಲೆ ಅದರಲ್ಲಿ ಬೆಂದ ಸೀಮೆಬದನೆಕಾಯಿ. ಒಂದು ಸಲಕ್ಕೆ ಒಂದೇ ಗುಣ ಬದಲಾಗಬೇಕು: ಬಣ್ಣ, ಇಲ್ಲವೇ ಆಕಾರ, ಇಲ್ಲವೇ ಗಟ್ಟಿತನ. ಮೂರೂ ಒಟ್ಟಿಗೆ ಬದಲಾದರೆ ಅವಳ ಪಾಲಿಗೆ ಅದು ಬೇರೆಯದೇ ಪದಾರ್ಥ.

ಪ್ರತಿ ಊಟದ ತಟ್ಟೆಯಲ್ಲೂ ಅವಳು ತಿನ್ನುವುದು ಒಂದು ಇರಲೇಬೇಕು. ಪಕ್ಕದಲ್ಲಿ ಹೊಸದು ಕಡಲೆಕಾಳಿನಷ್ಟು ಮಾತ್ರ. ಹತ್ತರಿಂದ ಹದಿನೈದು ಸಲ ಇಟ್ಟ ಮೇಲೆ ಒಪ್ಪುವ ಮಕ್ಕಳೇ ಹೆಚ್ಚು. ಮನೆಗಳಲ್ಲಿ ಮೂರು ಸಲ ಇಟ್ಟು "ಇದಕ್ಕೆ ಬೀನ್ಸ್ ಆಗಲ್ಲ" ಎಂದು ತೀರ್ಮಾನವಾಗುತ್ತದೆ. ಮೂಸಿದರೆ ಒಂದು ಸಲ, ಮುಟ್ಟಿದರೆ ಒಂದು ಸಲ, ನೆಕ್ಕಿ ಉಗಿದರೂ ಒಂದು ಸಲ, ಎಲ್ಲವೂ ಲೆಕ್ಕಕ್ಕೆ. ಉಗಿಯಲು ಒಂದು ಪುಟ್ಟ ಬಟ್ಟಲು ಪಕ್ಕದಲ್ಲೇ ಇಡಿ. ಬಾಯಿಗೆ ಹಾಕಿಕೊಂಡದ್ದನ್ನು ಹೊರಗೆ ತೆಗೆಯಬಹುದು ಎಂದು ಗೊತ್ತಿದ್ದರೆ ಮಕ್ಕಳು ಹೆಚ್ಚು ಧೈರ್ಯ ಮಾಡುತ್ತಾರೆ. "ಪಲ್ಯ ತಿಂದರೆ ಚಾಕೊಲೇಟ್" ಅನ್ನುವ ಮಾತು ಬೇಡ. ಆ ಮಾತು ಕೇಳಿದ ಮಗುವಿಗೆ ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದೇ ಅರ್ಥವಾಗುತ್ತದೆ. ತಿಂದಾಗ ಚಪ್ಪಾಳೆಯೂ ಬೇಡ, ತಿನ್ನದಾಗ ನಿಟ್ಟುಸಿರೂ ಬೇಡ.

ವಾಂತಿಯ ವಿಷಯ. ಒತ್ತಾಯ ನಿಂತರೆ ಬೆರಳು ಹಾಕಿಕೊಳ್ಳುವುದೂ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುತ್ತದೆ, ಯಾಕೆಂದರೆ ಅದು ಒತ್ತಾಯದಿಂದ ತಪ್ಪಿಸಿಕೊಳ್ಳುವ ದಾರಿ. ಮಾಡಿದಾಗ ಮಾತಿಲ್ಲದೆ ಬಾಯಿ ತೊಳೆಸಿ, ಬಟ್ಟೆ ಬದಲಿಸಿ, ನೀರು ಕೊಡಿ. ಅಯ್ಯೋ ಎಂದು ಎತ್ತಿಕೊಂಡು ತಕ್ಷಣ ಹಾಲು ಕೊಡುವುದೇ ದೊಡ್ಡ ತಪ್ಪು: ವಾಂತಿ ಮಾಡಿದರೆ ಊಟ ಹೋಗಿ ಹಾಲು ಬರುತ್ತದೆ ಎಂದು ಕಲಿಸಿದಂತೆ. ಮುಂದಿನ ತಿಂಡಿ ಅದರ ಹೊತ್ತಿಗೇ. ಒತ್ತಾಯವೇ ಇಲ್ಲದೆಯೂ ತರಿ ಇರುವ ಆಹಾರ ನಾಲಿಗೆಗೆ ತಾಗಿದ ಕೂಡಲೇ ಓಕರಿಕೆ ಬರುತ್ತಿದ್ದರೆ, ತುತ್ತನ್ನು ಕೆನ್ನೆಯಲ್ಲೇ ಬಹಳ ಹೊತ್ತು ಇಟ್ಟುಕೊಳ್ಳುತ್ತಿದ್ದರೆ, ಅದು ಹಟವಲ್ಲ, ಅಗಿಯುವ ನುಂಗುವ ಕೌಶಲದ ತೊಂದರೆ ಇರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿ.

ಮೊಬೈಲ್. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಬಾಯಲ್ಲಿ ಏನಿದೆ, ಹೊಟ್ಟೆ ತುಂಬಿತೇ ಎರಡೂ ತಿಳಿಯುವುದಿಲ್ಲ, ಹೊಸ ಆಹಾರದ ಪರಿಚಯವೂ ಆಗುವುದಿಲ್ಲ. ಬಾಟಲಿ ಇಳಿಸುವ ವಾರದಲ್ಲೇ ಇದನ್ನೂ ಪೂರ್ತಿ ಕೀಳಬೇಡಿ. ಹಸಿವು ಹೆಚ್ಚಿರುವ ಬೆಳಗಿನ ತಿಂಡಿಯಿಂದ ಶುರು ಮಾಡಿ, ಅದು ಒಗ್ಗಿದ ಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ. ಒಂದೊಂದಕ್ಕೆ ಐದಾರು ದಿನ. ಆ ಹೊತ್ತಿಗೆ ದೊಡ್ಡವರ ಮೊಬೈಲೂ ಕೋಣೆಯಲ್ಲಿ ಇರಬಾರದು. ಕಾಲು ನೇತಾಡುವ ಎತ್ತರದ ಕುರ್ಚಿಯಲ್ಲಿ ಮಗು ಚಡಪಡಿಸುತ್ತದೆ. ಕಾಲಿಗೆ ಆಸರೆ ಕೊಡಿ, ಇಲ್ಲವೇ ನೆಲದ ಮೇಲೆ ಮಣೆ ಹಾಕಿ ಕೂರಿಸಿ, ತಟ್ಟೆಯನ್ನು ಅವಳ ಹೊಟ್ಟೆಯ ಮಟ್ಟಕ್ಕೆ ಬರುವ ಪುಟ್ಟ ಸ್ಟೂಲಿನ ಮೇಲಿಡಿ.

ಅಜ್ಜಿ ಹೇಳುವುದರಲ್ಲಿ ಸತ್ಯವಿದೆ. ಕೈತುತ್ತು ತಪ್ಪಲ್ಲ, ಬಾಯಿ ಬಿಡಿಸಿ ತುರುಕುವುದು ತಪ್ಪು. ಮೊದಲ ಹತ್ತು ನಿಮಿಷ ಅವಳೇ ಕೈಯಿಂದ ತಿನ್ನಲಿ, ಚೆಲ್ಲಲಿ. ಆಮೇಲೆ ಅಜ್ಜಿ ತಮ್ಮ ತಟ್ಟೆಯಿಂದಲೇ ಕಲಸಿ ತುತ್ತು ಹಿಡಿಯಲಿ, ಅವಳ ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ. ಅವಳು ತಾನೇ ಮುಂದೆ ಬಾಗಿ ಬಾಯಿ ತೆರೆದರೆ ಹಾಕಬೇಕು. ತಲೆ ತಿರುಗಿಸಿದರೆ, ತುಟಿ ಬಿಗಿದರೆ ಆ ತುತ್ತು ಅಜ್ಜಿಯ ಬಾಯಿಗೆ.

---

ಆಹಾರತಜ್ಞೆ_ದಾವಣಗೆರೆ:

ವಾಕ್‌ಚಿಕಿತ್ಸಕಿಯವರು ಹೇಳಿದ ಒಂದು ಗೇಣಿನ ದೂರ ಬಹಳ ಉಪಯುಕ್ತ. ಅಜ್ಜಿಗೆ "ಇನ್ನು ಬಿಸ್ಕತ್ತು ಕೊಡಬೇಡಿ" ಎಂದರೆ ಬೇಸರವಾಗುತ್ತದೆ, ಅದರ ಬದಲು ಕೈಗೆ ಬೇರೆ ಏನಾದರೂ ಕೊಡಿ. ಸಂಜೆ 4.30ರ ತಿಂಡಿಯ ಜವಾಬ್ದಾರಿ ಪೂರ್ತಿ ಅವರದಾಗಲಿ.

ಮೊಳಕೆ ರಾಗಿ ಹಿಟ್ಟು ಅವರೇ ಮಾಡಬಹುದು. ಅರ್ಧ ಕೆ.ಜಿ. ರಾಗಿಯನ್ನು ನಾಲ್ಕೈದು ನೀರು ತೊಳೆದು 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಒಂದು ದಿನ ಇಡಿ. ಬಿಗಿಯಾಗಿ ಕಟ್ಟಿದರೆ, ಬಟ್ಟೆಯಲ್ಲಿ ನೀರು ನಿಂತರೆ ಮುಗ್ಗಲು ವಾಸನೆ ಬರುತ್ತದೆ, ಅದನ್ನು ಮಗುವಿಗೆ ಕೊಡಬೇಡಿ. ಸಣ್ಣ ಬಿಳಿ ಮೊಳಕೆ ಕಂಡ ಮೇಲೆ ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಬೀಸಿ. ಮೊಳಕೆ ಬರಿಸಿದಾಗ ಕಬ್ಬಿಣ, ಸುಣ್ಣ ಹೀರಲು ಅಡ್ಡಿಯಾಗುವ ಫೈಟೇಟ್ ಕಡಿಮೆಯಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಣ್ಣಾಂಶ ಸುಮಾರು 350 ಮಿ.ಗ್ರಾಂ. ಇರುವುದರಿಂದ ಹಾಲು ಕಡಿಮೆಯಾಯಿತೆಂಬ ಚಿಂತೆಗೂ ಇದು ಉತ್ತರ. ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲೇ ಕದಡಿ ಒಲೆಗಿಡಿ, ಬಿಸಿನೀರಿಗೆ ಹಾಕಿದರೆ ಗಂಟು. ಏಳೆಂಟು ನಿಮಿಷ ಕೈಯಾಡಿಸಿ, ಅರ್ಧ ಚಮಚ ತುಪ್ಪ, ಸ್ವಲ್ಪ ಬೆಲ್ಲ. ಬಾಟಲಿಗೆ ಬೇಡ, ಚಮಚದಲ್ಲಿ ತಿನ್ನುವಷ್ಟು ಗಟ್ಟಿಯಾಗಿರಲಿ.

ಇನ್ನೊಂದು ಮಾತು. ಮೂರು ತುಂಬಿ ಅಂಗನವಾಡಿಗೆ ಸೇರಿಸಿದರೆ ಅಲ್ಲಿ ಸರ್ಕಾರದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲು ಸಿಗುತ್ತದೆ. ಅದನ್ನೂ ದಿನದ 400ರ ಲೆಕ್ಕಕ್ಕೆ ಸೇರಿಸಿ, ಆ ದಿನಗಳಲ್ಲಿ ಬೆಳಗಿನ ಮನೆಯ ಹಾಲು ಬಿಟ್ಟು ನೇರ ತಿಂಡಿಗೆ ಕೂರಿಸಿ.